ಕವಾಟ ಬ್ಯಾರೆ, ವಾಲ್ವ್ ಬ್ಯಾರೆ ಏನ್ರಿ?

ಕಳೆದ ಮಳೆಗಾಲದ ಒಂದು ಭಾನುವಾರ ಕುರಕುಂಭದ ಫಿರಂಗಾಯಿ ದೇವಿಯ ಗುಡಿಯ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ಕಲಬುರಗಿ ಕಡೆಯ ಒಬ್ಬ ಆಪರೇಟರ್ ಗುರುತು ಹಿಡಿದು ಮಾತಾಡಿಸಿದರು. ಅವರ ಮೊಬೈಲಿನಲ್ಲಿ ಒಂದು ಸುರಕ್ಷತಾ ಕೈಪಿಡಿಯ ಎರಡು ಪುಟಗಳ ಫೋಟೊ ಇತ್ತು. ಇಂಗ್ಲಿಷಿನಿಂದ ಆ ಕೈಪಿಡಿಯನ್ನು ಕನ್ನಡಕ್ಕೆ ತಂದವಳು ನಾನೇ.

“ಮೇಡಂರೀ, ಮೂರನೇ ಪುಟದಾಗ ಕವಾಟ ಬಂದ್ ಮಾಡ್ರಿ ಅಂತ ಬರದೀರಿ. ಒಂಬತ್ತನೇ ಪುಟದಾಗ ವಾಲ್ವ್ ಬಂದ್ ಮಾಡ್ರಿ ಅಂತ ಬರದೀರಿ. ಕವಾಟ ಬ್ಯಾರೆ, ವಾಲ್ವ್ ಬ್ಯಾರೆ ಏನ್ರಿ? ಮೊದಲ ಯಾವುದು ಬಂದ್ ಮಾಡಬೇಕ್ರಿ?”

ಚಹಾ ಗಂಟಲಲ್ಲೇ ನಿಂತಿತು. ಎರಡೂ ಒಂದೇ. ಕೈಪಿಡಿ ಮಾಡಿಸಿದವರು ಎಲ್ಲ ಕಡೆ ‘ಕವಾಟ’ ಎಂದೇ ಇರಲಿ ಎಂದಿದ್ದರು. ನಾನು ನನ್ನ ಪದಕೋಶದಲ್ಲಿ ‘ವಾಲ್ವ್’ ಹುಡುಕಿ, ಸಿಕ್ಕ ಆರೂ ಕಡೆ ಬದಲಿಸಿ, ಕೆಲಸ ಮುಗಿಯಿತೆಂದು ಕಳಿಸಿದ್ದೆ. ಆದರೆ ಪದಕೋಶದಲ್ಲಿದ್ದ ನಮೂದುಗಳು ಆರಲ್ಲ, ಹನ್ನೊಂದು. ಉಳಿದ ಐದು ನನ್ನ ಕಣ್ಣೆದುರೇ ಇದ್ದರೂ ಹುಡುಕಾಟಕ್ಕೆ ಸಿಕ್ಕಿರಲಿಲ್ಲ. ಅಂದೇ ಫೋನು ಮಾಡಿ ಹೇಳಿದೆ, ಪುಟ ಬದಲಾಯಿತು, ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಪತ್ರ ಹುಟ್ಟಿದ್ದು ಅದರಿಂದಲೇ.

ಊರಿನ ಬಗ್ಗೆ ಎರಡು ಮಾತು. ಕುರಕುಂಭ ಇರುವುದು ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನಲ್ಲಿ, ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲೆ. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ತುಂಬ ರಾಸಾಯನಿಕ ಕಾರ್ಖಾನೆಗಳು. ಹತ್ತಿರದ ದೌಂಡ್ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ಸೊಲ್ಲಾಪುರ ದಾಟಿ ಕಲಬುರಗಿ, ವಾಡಿ ಸೇರಬಹುದು. ಅದೇ ರೈಲಿನಲ್ಲಿ ಕೆಲಸ ಹುಡುಕಿಕೊಂಡು ಇತ್ತ ಬಂದ ಕನ್ನಡದವರು ನಮ್ಮ ಓಣಿಯಲ್ಲೂ ಇದ್ದಾರೆ. ನನ್ನ ಗಂಡನಿಗೆ ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ಕೆಲಸ. ನಾನು ಧಾರವಾಡದಲ್ಲಿ ಭಾಷಾವಿಜ್ಞಾನ ಎಂಎ ಓದಿ, ಈಗ ಮನೆಯಲ್ಲೇ ಕುಳಿತು ಕೀಟನಾಶಕದ ಚೀಟಿ, ಯಂತ್ರದ ಕೈಪಿಡಿ, ಎಚ್ಚರಿಕೆ ಫಲಕಗಳನ್ನು ಕನ್ನಡಕ್ಕೆ ತರುತ್ತೇನೆ. ಹತ್ತು ವರ್ಷದಿಂದ ಕೂಡಿಟ್ಟ ಹದಿನಾಲ್ಕು ಸಾವಿರ ಪದಗಳ ಕೋಶವೇ ನನ್ನ ಬಂಡವಾಳ.

ಆ ಬಂಡವಾಳ ಇರುವುದು ಒಂದು ಮುಕ್ತ ತಂತ್ರಾಂಶದ ಡೇಟಾಬೇಸಿನಲ್ಲಿ. ಅದನ್ನು ನೋಡಲು, ತಿದ್ದಲು, ಹುಡುಕಲು ಬಳಸುವುದು ಡೆಸ್ಕ್‌ಟಾಪ್ ಮೇಲೆ ತೆರೆಯುವ ಒಂದು ಕಿಟಕಿ. ಈ ಕಿಟಕಿಯನ್ನು ಆರಿಸಿಕೊಳ್ಳುವುದು ಹೇಗೆ ಎನ್ನುವುದೇ ಇವತ್ತಿನ ವಿಷಯ. ಇದು ಕಂಪ್ಯೂಟರಿನವರ ವಿಷಯ, ನಮಗೇಕೆ ಎಂದು ಪತ್ರ ಮುಚ್ಚಬೇಡಿ. ಊರಿನ ಗಾದೆ ಕೂಡಿಡುವ ಮೇಷ್ಟ್ರು, ಗ್ರಂಥಾಲಯದ ಪಟ್ಟಿ ಮಾಡುವವರು, ಶಾಸನಗಳ ಸಾಲು ಬರೆದಿಡುವ ಸಂಶೋಧಕರು, ಅಜ್ಜಿಯ ಹಾಡು ಧ್ವನಿಮುದ್ರಿಸಿ ಅದಕ್ಕೊಂದು ಸೂಚಿ ಮಾಡುವವರು, ಎಲ್ಲರೂ ಇವತ್ತಲ್ಲ ನಾಳೆ ಈ ಕಿಟಕಿಯ ಮುಂದೆ ಬಂದು ನಿಲ್ಲುವವರೇ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಾಧನವನ್ನು ಅದರ ಚೆಲುವು, ಹೆಸರು, ಸೌಲಭ್ಯಗಳ ಪಟ್ಟಿ ನೋಡಿ ಆರಿಸಬಾರದು. ನಮ್ಮ ಕನ್ನಡವನ್ನೇ ಒಯ್ದು ಅದರ ಮುಂದಿಟ್ಟು, ಒಳಗಿರುವುದನ್ನು ಇದ್ದ ಹಾಗೆ ತೋರಿಸುತ್ತದೆಯೇ, ಕೇಳಿದಾಗ ಪೂರ್ತಿಯಾಗಿ ಹಿಂದಿರುಗಿಸುತ್ತದೆಯೇ ಎಂದು ನೋಡಿ ಆರಿಸಬೇಕು.

ಎಕ್ಸೆಲ್ ಸಾಕಾಗದೆ?

ನಾನೂ ಎಕ್ಸೆಲ್‌ನಲ್ಲೇ ಶುರು ಮಾಡಿದವಳು. ಇಂಗ್ಲಿಷ್ ಪದ ಒಂದು ಕಾಲಂ, ಕನ್ನಡ ಪದ ಇನ್ನೊಂದು, ವಿಷಯ, ಗಿರಾಕಿ, ಟಿಪ್ಪಣಿ. ಎರಡು ಸಾವಿರ ಸಾಲಿನವರೆಗೆ ಸುಖವಾಗಿತ್ತು. ಒಂದು ದಿನ ಒಂದೇ ಕಾಲಂ ಆರಿಸಿ ಅಕಾರಾದಿಗೆ ಜೋಡಿಸಿಬಿಟ್ಟೆ. ಇಂಗ್ಲಿಷ್ ಪದಗಳು ಸಾಲಾಗಿ ನಿಂತವು, ಕನ್ನಡದ ಅರ್ಥಗಳು ಇದ್ದಲ್ಲೇ ಉಳಿದವು. ಆಮ್ಲದ ಪಕ್ಕದಲ್ಲಿ ಏಣಿಯ ಅರ್ಥ, ಏಣಿಯ ಪಕ್ಕದಲ್ಲಿ ಗಾಳಿಯೊತ್ತಡದ ಅರ್ಥ. ಗಮನಿಸುವ ಹೊತ್ತಿಗೆ ಫೈಲು ಉಳಿಸಿ ಮುಚ್ಚಿಯಾಗಿತ್ತು.

ಡೇಟಾಬೇಸಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಒಂದು ಸಾಲು ಎಂದರೆ ಒಂದು ಸಾಲೇ. ಅದರ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ ಹೋಗಲಾರವು. ಒಬ್ಬರೇ ಕೆಲಸ ಮಾಡುವವರಿಗೆ ಎಸ್‌ಕ್ಯುಲೈಟ್ ಧಾರಾಳ. ರಿಚರ್ಡ್ ಹಿಪ್ 2000ರಲ್ಲಿ ಹೊರತಂದ, ಯಾರ ಹಕ್ಕೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ತಂತ್ರಾಂಶ ಅದು. ಡೇಟಾಬೇಸ್ ಇಡಿಯಾಗಿ ಒಂದೇ ಫೈಲಿನಲ್ಲಿರುತ್ತದೆ, ಪೆನ್‌ಡ್ರೈವಿಗೆ ಹಾಕಿಕೊಂಡು ಊರಿಗೆ ಹೋಗಬಹುದು. ಮೂರು ನಾಲ್ಕು ಜನ ಕೂಡಿ ಕೆಲಸ ಮಾಡುವುದಾದರೆ ಪೋಸ್ಟ್‌ಗ್ರೆಸ್‌ಕ್ಯುಎಲ್, ಮೈಎಸ್‌ಕ್ಯುಎಲ್, ಮರಿಯಾಡಿಬಿ ಇವೆ. ನನ್ನ ಪದಕೋಶ ಎಸ್‌ಕ್ಯುಲೈಟಿನಲ್ಲಿ ಬೆಳೆದು, ಇಬ್ಬರು ಗೆಳತಿಯರು ಜೊತೆಗೂಡಿದ ಮೇಲೆ ಪೋಸ್ಟ್‌ಗ್ರೆಸ್‌ಗೆ ಹೋಯಿತು.

ಇವೆಲ್ಲ ನಮ್ಮ ಹಳೇ ಹಗೇವಿನ ಹಾಗೆ. ಕಾಳು ನೆಲದೊಳಗಿರುತ್ತದೆ, ಮೇಲಿನಿಂದ ಏನೂ ಕಾಣದು. ಇಳಿದು ನೋಡಲು ಒಂದು ದಾರಿ ಬೇಕು. ಆ ದಾರಿ ಎರಡು ಬಗೆ. ಒಂದು, ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡುವ ಟರ್ಮಿನಲ್. ಇನ್ನೊಂದು, ಮೌಸಿನಿಂದ ನಡೆಸುವ ಕಿಟಕಿ.

ಕಪ್ಪು ಪರದೆ ಮತ್ತು ಒತ್ತಕ್ಷರ

ಪ್ರೋಗ್ರಾಮರ್ ಗೆಳೆಯರನ್ನು ಕೇಳಿದರೆ ಬಹಳಷ್ಟು ಮಂದಿ ನಕ್ಕುಬಿಡುತ್ತಾರೆ. “ಕಿಟಕಿ ಏಕೆ? ಟರ್ಮಿನಲ್ ಕಲಿ, ಅದೇ ಅಸಲಿ.” ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎಸ್‌ಕ್ಯುಎಲ್ ಎಂಬ ಆಜ್ಞೆಗಳ ಭಾಷೆಯನ್ನು ಸ್ವಲ್ಪವಾದರೂ ಕಲಿಯದೆ ಡೇಟಾಬೇಸ್ ಇಟ್ಟುಕೊಳ್ಳುವುದು, ಅಡುಗೆ ಬಾರದೆ ಖಾನಾವಳಿ ತೆರೆದಂತೆ. ಆದರೆ ಇನ್ನರ್ಧದಲ್ಲಿ ಅವರು ಇಂಗ್ಲಿಷಿನವರು.

ಟರ್ಮಿನಲ್ ಹುಟ್ಟಿದ್ದು ಚೌಕುಳಿ ಹಾಳೆಯ ಲೆಕ್ಕದಲ್ಲಿ. ಒಂದು ಚೌಕಕ್ಕೆ ಒಂದು ಅಕ್ಷರ, ಎಲ್ಲ ಚೌಕಗಳ ಅಗಲವೂ ಒಂದೇ. ಕನ್ನಡ ಆ ಚೌಕಕ್ಕೆ ಬಗ್ಗುವುದಿಲ್ಲ. ‘ರಾಷ್ಟ್ರ’ ಎನ್ನುವಾಗ ಷಕಾರದ ಕೆಳಗೆ ಟ, ಅದರ ಪಕ್ಕದಲ್ಲಿ ರ ಬರಬೇಕು. ‘ಸ್ತ್ರೀ’ಯಲ್ಲಿ ಒತ್ತು ಕೆಳಗೆ, ಗುಡಿಸು ಮೇಲೆ, ದೀರ್ಘ ಬಲಕ್ಕೆ. ಬಹುಪಾಲು ಟರ್ಮಿನಲ್‌ಗಳಲ್ಲಿ ಇವು ಒಂದರ ಮೇಲೊಂದು ಬೀಳುತ್ತವೆ, ಇಲ್ಲವೇ ಬಿಡಿಬಿಡಿಯಾಗಿ ಚೆಲ್ಲುತ್ತವೆ, ಕಾಲಂಗಳ ಗೆರೆ ಸೊಟ್ಟಗಾಗುತ್ತದೆ. ಇಂಗ್ಲಿಷ್ ಬರೆಯುವವನಿಗೆ ಕಿಟಕಿಯ ಸಾಧನ ಒಂದು ಅನುಕೂಲವಷ್ಟೇ. ಕನ್ನಡ ಬರೆಯುವವರಿಗೆ ತಮ್ಮ ಡೇಟಾವನ್ನು ಓದಲಿಕ್ಕೇ ಅದು ಬೇಕು. ಹಾಗಾಗಿ ಕಿಟಕಿ ಬಳಸುವುದಕ್ಕೆ ನಾಚಿಕೆ ಬೇಡ, ಯಾವ ಕಿಟಕಿ ಎನ್ನುವುದರಲ್ಲಿ ಮಾತ್ರ ಹುಷಾರಿರಲಿ.

ಕಾಣದ ಅಕ್ಷರ

ಈಗ ಆ ಐದು ವಾಲ್ವ್‌ಗಳ ಕತೆ. ‘ವಾಲ್ವ್‌ಗೆ’ ಎಂದು ಟೈಪ್ ಮಾಡುವಾಗ ‘ವ್’ ಮತ್ತು ‘ಗೆ’ ಕೂಡಿ ಒತ್ತಕ್ಷರವಾಗಬಾರದೆಂದು ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ಕೀಬೋರ್ಡು ಬಲ್ಲವರು ಅದನ್ನು ಝಡ್‌ಡಬ್ಲ್ಯುಎನ್‌ಜೆ ಎನ್ನುತ್ತಾರೆ. ಅಗಲ ಸೊನ್ನೆ, ಅಕ್ಕಪಕ್ಕದವು ಕೂಡದಂತೆ ತಡೆಯುವುದೊಂದೇ ಅದರ ಕೆಲಸ. ಇಂಥ ಪದದಿಂದ ‘ವಾಲ್ವ್’ ಮಾತ್ರ ನಕಲಿಸಿಕೊಂಡರೆ ಕಾಣದ ಆ ಅಕ್ಷರವೂ ಬಾಲದಂತೆ ಜೊತೆಗೆ ಬರುತ್ತದೆ. ಪದದ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ವ್ಯತ್ಯಾಸವಿಲ್ಲ.

ಕಂಪ್ಯೂಟರಿಗೆ ಇದೆ. ಬಾಲವಿಲ್ಲದ ‘ವಾಲ್ವ್’ ಅದರ ಲೆಕ್ಕದಲ್ಲಿ ಆರು ಸಂಕೇತ: ವ, ದೀರ್ಘ, ಲ, ವಿರಾಮ, ವ, ವಿರಾಮ. ಬಾಲವಿರುವುದು ಏಳು. ಪೋಸ್ಟ್‌ಗ್ರೆಸ್ ಆಗಲಿ ಎಸ್‌ಕ್ಯುಲೈಟ್ ಆಗಲಿ, ನಾವು ಬೇರೆ ಹೇಳದಿದ್ದರೆ ಎರಡು ಪದ ಒಂದೇ ಎನ್ನುವುದು ಬೈಟಿಗೆ ಬೈಟು ಹೊಂದಿದಾಗ ಮಾತ್ರ. ನಾನು ಸಮನಾಗಿರುವ ಪದ ಹುಡುಕು ಎಂದೆ, ಅದು ಆರನ್ನು ಕೊಟ್ಟಿತು. ಅದರ ತಪ್ಪೇನಿಲ್ಲ.

ಇದೊಂದೇ ಅಲ್ಲ. ‘ಕೋಶ’ ಎಂಬ ಪದವನ್ನೇ ನೋಡಿ. ‘ೋ’ ಎಂಬ ಸ್ವರಚಿಹ್ನೆಗೆ ಯೂನಿಕೋಡಿನಲ್ಲಿ ಒಂದೇ ಸಂಕೇತವೂ ಇದೆ, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತು ಎಂದು ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಒಂದು ರೀತಿಯಲ್ಲಿ ‘ಕೋಶ’ ಮೂರು ಸಂಕೇತ, ಇನ್ನೊಂದರಲ್ಲಿ ಐದು. ಪರದೆಯ ಮೇಲೆ ಎರಡೂ ಒಂದೇ ಕೋಶ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ (2020) ಇವನ್ನು ಒಂದೇ ರೂಪಕ್ಕೆ ತರುವ ಆಜ್ಞೆ ಇದೆ. ಆದರೆ ರೋಗ ಇದೆ ಎಂದು ಗೊತ್ತಾದರಲ್ಲವೇ ಮದ್ದು?

ಭಾಷಾವಿಜ್ಞಾನದ ತರಗತಿಯಲ್ಲಿ ನಮಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದರು, ಬರಹ ಬೇರೆ, ಭಾಷೆ ಬೇರೆ ಎಂದು. ಬರಹದೊಳಗೂ ಕಾಣುವುದು ಬೇರೆ, ಇರುವುದು ಬೇರೆ ಎಂದು ಕಲಿಸಿದ್ದು ಈ ಐದು ಸಾಲು.

ಐದು ಪರೀಕ್ಷೆ

ಅಂದಿನಿಂದ ಹೊಸ ಸಾಧನ ಯಾವುದೇ ಬಂದರೂ ನಾನು ಐದು ಪರೀಕ್ಷೆ ಒಡ್ಡುತ್ತೇನೆ. ಅರ್ಧ ಗಂಟೆಯ ಕೆಲಸ. ಪರೀಕ್ಷೆಗೆ ನನ್ನ ಪದಕೋಶ ಮುಟ್ಟುವುದಿಲ್ಲ, ‘ಅಲರ್’ ಬಳಸುತ್ತೇನೆ.

ಅಲರ್ ಬಗ್ಗೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ, 2,40,000ಕ್ಕೂ ಹೆಚ್ಚು ಅರ್ಥ. 2019ರಲ್ಲಿ ಕೈಲಾಶ್ ನಾಧ್ ಅದನ್ನು ಅಂತರಜಾಲಕ್ಕೆ ತಂದರು. ಅವರು ನಿಘಂಟುಗಳಿಗಾಗಿಯೇ ಬರೆದ ಮುಕ್ತ ತಂತ್ರಾಂಶ ‘ಡಿಕ್ಟ್‌ಪ್ರೆಸ್’ನ ಕೆಳಗೆ ಕೆಲಸ ಮಾಡುವುದು ಪೋಸ್ಟ್‌ಗ್ರೆಸ್. ದೊಡ್ಡ ಮಾತೆಂದರೆ ನಿಘಂಟಿನ ಪೂರ್ತಿ ಡೇಟಾವನ್ನು ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕನ್ನಡದ ಒಂದೂವರೆ ಲಕ್ಷ ಪದ ಯಾವ ಕಿಟಕಿಯಲ್ಲಿ ಹೇಗೆ ಕಾಣುತ್ತದೆಂದು ನೋಡಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನಾನು ಕಂಡಿಲ್ಲ.

ಮೊದಲನೆಯದು, ಕಾಣುತ್ತದೆಯೇ. ಕೋಷ್ಟಕ ತೆರೆದು ಒತ್ತಕ್ಷರಗಳ ಪದಗಳಿಗೆ ಹೋಗಿ. ಸಾಲಿನ ಎತ್ತರ ಇಂಗ್ಲಿಷಿಗೆ ತಕ್ಕಂತಿದ್ದರೆ ಒತ್ತುಗಳ ಕಾಲು ಕತ್ತರಿಸಿಹೋಗಿರುತ್ತದೆ. ಒತ್ತು ಕಾಣದಿದ್ದರೆ ‘ಅಕ್ಕ’ ಯಾವುದು, ‘ಅಕ’ ಯಾವುದು? ಅಕ್ಷರದ ಗಾತ್ರ, ಫಾಂಟು ಬದಲಿಸಿಕೊಳ್ಳಲು ಅವಕಾಶ ಇರಬೇಕು. ಉದ್ದ ಪಠ್ಯವನ್ನು ಪಕ್ಕದಲ್ಲಿ ಪೂರ್ತಿ ಬಿಚ್ಚಿ ತೋರಿಸುವ ಜಾಗವಿದ್ದರೆ ಇನ್ನೂ ಒಳ್ಳೆಯದು. ಡಿಬೀವರ್‌ನಲ್ಲಿ ಅಂಥದೊಂದು ಫಲಕವಿದೆ.

ಎರಡನೆಯದು, ಎಣಿಸಲು ಬಿಡುತ್ತದೆಯೇ. ಪದದ ಪಕ್ಕದಲ್ಲೇ ಅದರ ಸಂಕೇತಗಳ ಸಂಖ್ಯೆ ಬರುವಂತೆ ಒಂದು ಸಾಲಿನ ಆಜ್ಞೆ ಬರೆದು, ಅದನ್ನು ಹೆಸರಿಟ್ಟು ಉಳಿಸಿಕೊಂಡು, ಬೇಕಾದಾಗ ಒಂದೇ ಒತ್ತಿಗೆ ಓಡಿಸುವಂತಿರಬೇಕು. ಕಾಣದ ಬಾಲ ಹಿಡಿಯಲು ನನಗೆ ಗೊತ್ತಿರುವ ಸುಲಭದ ದಾರಿ ಇದು. ಒಂದೇ ಥರ ಕಾಣುವ ಎರಡು ಸಾಲಿನ ಪಕ್ಕದಲ್ಲಿ 6 ಮತ್ತು 7 ಎಂದು ಬಂದರೆ ಕಳ್ಳ ಸಿಕ್ಕ.

ಮೂರನೆಯದು, ಅಕಾರಾದಿ. ಯೂನಿಕೋಡಿನ ಪಟ್ಟಿಯಲ್ಲಿ ಭಾರತದ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿದ್ದಾರೆ. ಅದರ ಪ್ರಕಾರ ‘ಳ’ ಬರುವುದು ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ‘ಳ’ ಕಡೆಯದು, ‘ಹ’ ಆದ ಮೇಲಿನದು. ಸಾಧನದ ಕಾಲಂ ತಲೆಯ ಮೇಲೆ ಒತ್ತಿ ಜೋಡಿಸಿ ನೋಡಿ, ‘ಕಳಸ’ವು ‘ಕವನ’ಕ್ಕಿಂತ ಮುಂದೆ ಬಂದರೆ ಅದು ಕನ್ನಡ ನಿಘಂಟಿನ ಕ್ರಮವಲ್ಲ, ಬರೀ ಸಂಕೇತಗಳ ಕ್ರಮ. ಪೋಸ್ಟ್‌ಗ್ರೆಸ್‌ನಲ್ಲಿ 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ಭಂಡಾರದ ನೆರವಿನಿಂದ ಭಾಷೆಗೆ ತಕ್ಕ ಕ್ರಮ ಕೇಳಬಹುದು, ಕನ್ನಡಕ್ಕೂ ಕೇಳಬಹುದು. ನಿಮ್ಮ ಕಿಟಕಿ ಆ ಆಯ್ಕೆಯನ್ನು ತೋರಿಸುತ್ತದೆಯೇ, ಮುಚ್ಚಿಡುತ್ತದೆಯೇ ನೋಡಿ. ಬಂದ ಫಲಿತಾಂಶವನ್ನು ಕಣ್ಣಾರೆ ನೋಡದೆ ನಂಬಬೇಡಿ.

ನಾಲ್ಕನೆಯದು, ಬರೆಯುವ ಮುಂಚೆ ಕೇಳುತ್ತದೆಯೇ. ಈ ಪಾಠ ನನಗೆ ದುಬಾರಿ ಬಿತ್ತು. ಒಂದು ರಾತ್ರಿ ಒಂದು ಪದದ ಅರ್ಥ ತಿದ್ದಲು ಹೋಗಿ, ಯಾವ ಸಾಲು ಎಂದು ಹೇಳುವ ಶರತ್ತನ್ನು ಬರೆಯಲು ಮರೆತೆ. ಕ್ಷಣದಲ್ಲಿ ಹದಿನಾಲ್ಕು ಸಾವಿರ ಇಂಗ್ಲಿಷ್ ಪದಗಳಿಗೂ ಕನ್ನಡದಲ್ಲಿ ಒಂದೇ ಅರ್ಥವಾಯಿತು: ‘ಸಿಂಪಡಿಸುವ ಪ್ರಮಾಣ’. ಬೆಂಕಿಗೂ ಅದೇ, ಬೀಗಕ್ಕೂ ಅದೇ, ಬಸಿರಿಗೂ ಅದೇ. ಗಂಡ ಬಿದ್ದು ಬಿದ್ದು ನಕ್ಕ, ನನಗೆ ಅಳು. ನಾನು ಬಳಸುತ್ತಿದ್ದ ಸಾಧನ ಒಂದು ಮಾತೂ ಕೇಳದೆ ಬದಲಾವಣೆಯನ್ನು ಖಾಯಂ ಮಾಡಿತ್ತು. ಹಿಂದಿನ ಪ್ರತಿ ಹತ್ತೊಂಬತ್ತು ದಿನ ಹಳೆಯದು. ಆ ಹತ್ತೊಂಬತ್ತು ದಿನದ ಕೆಲಸ ಮತ್ತೆ ಮಾಡಿದೆ.

ಒಳ್ಳೆಯ ಸಾಧನಗಳು ಇಲ್ಲಿ ನಿಜವಾಗಿ ಕೈ ಹಿಡಿಯುತ್ತವೆ. ಮೈಎಸ್‌ಕ್ಯುಎಲ್ ವರ್ಕ್‌ಬೆಂಚ್‌ನಲ್ಲಿ ಸುರಕ್ಷಿತ ತಿದ್ದುಪಡಿ ಎಂಬ ಕಟ್ಟುಪಾಡು ಮೊದಲಿನಿಂದಲೇ ಜಾರಿಯಲ್ಲಿರುತ್ತದೆ, ಶರತ್ತಿಲ್ಲದೆ ಎಲ್ಲ ಸಾಲು ತಿದ್ದಲು ಬಿಡುವುದಿಲ್ಲ. ಎಸ್‌ಕ್ಯುಲೈಟಿನ ಡಿಬಿ ಬ್ರೌಸರ್‌ನಲ್ಲಿ ‘ಬದಲಾವಣೆ ಬರೆ’ ಎಂಬ ಗುಂಡಿ ಒತ್ತುವವರೆಗೆ ತಿದ್ದಿದ್ದು ಫೈಲಿಗೆ ಖಾಯಮ್ಮಾಗಿ ಸೇರುವುದಿಲ್ಲ. ಡಿಬೀವರ್‌ನಲ್ಲಿ ಮುಖ್ಯ ಡೇಟಾಬೇಸಿಗೆ ಕೆಂಪು ಬಣ್ಣ ಕೊಟ್ಟು, ನಾವು ಒಪ್ಪಿಗೆ ಒತ್ತದೆ ಏನೂ ಖಾಯಂ ಆಗದಂತೆ ಇಟ್ಟುಕೊಳ್ಳಬಹುದು. ಹೈಡಿಎಸ್‌ಕ್ಯುಎಲ್‌ನ ಕೆಳತುದಿಯಲ್ಲಿ, ನಾವು ಮೌಸಿನಿಂದ ಮಾಡಿದ ಪ್ರತಿ ಕೆಲಸ ಯಾವ ಆಜ್ಞೆಯಾಗಿ ಹೋಯಿತೆಂದು ಸಾಲುಸಾಲಾಗಿ ಬರುತ್ತಿರುತ್ತದೆ. ನಾನು ಎಸ್‌ಕ್ಯುಎಲ್ ಕಲಿತದ್ದು ಯಾವ ಕ್ಲಾಸಿನಲ್ಲೂ ಅಲ್ಲ, ಆ ಸಾಲುಗಳನ್ನು ಓದಿಯೇ. ತಾನು ಏನು ಮಾಡುತ್ತಿದ್ದೇನೆಂದು ಹೇಳುವ ಸಾಧನ ನಮ್ಮನ್ನು ಬೆಳೆಸುತ್ತದೆ.

ಐದನೆಯದು, ಹೊರಗೆ ಬಿಡುತ್ತದೆಯೇ. ಎಲ್ಲವನ್ನೂ ಸಿಎಸ್‌ವಿ ಫೈಲಾಗಿ, ಎಸ್‌ಕ್ಯುಎಲ್ ಆಜ್ಞೆಗಳಾಗಿ ಹೊರತೆಗೆಯಿರಿ. ಹೊಸ ಖಾಲಿ ಡೇಟಾಬೇಸಿಗೆ ಮತ್ತೆ ಹಾಕಿ. ಸಾಲುಗಳ ಸಂಖ್ಯೆ ಹೊಂದಿತೆ? ಎರಡನೇ ಪರೀಕ್ಷೆಯ ಎಣಿಕೆ ಹೊಂದಿತೆ? ಹೊರತೆಗೆದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಜೋಡಿ ಒತ್ತಿನಿಂದ ತೆರೆದರೆ ಕೆಲವೊಮ್ಮೆ ಕನ್ನಡದ ಬದಲು ತಲೆಯ ಮೇಲೆ ಗೀರಿರುವ ಲ್ಯಾಟಿನ್ ‘ಎ’, ಅದರ ಪಕ್ಕದಲ್ಲಿ ಪುಟ್ಟ 2 ಅಥವಾ 3 ಸಾಲುಗಟ್ಟಿ ಬರುತ್ತವೆ. ಹೆದರಬೇಡಿ, ಡೇಟಾ ಕೆಟ್ಟಿಲ್ಲ. ಯುಟಿಎಫ್–8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಎಲ್ಲಕ್ಕೂ ಮೊದಲ ಬೈಟು ಒಂದೇ. ಎಕ್ಸೆಲ್ ಅವನ್ನು ಬಿಡಿ ಲ್ಯಾಟಿನ್ ಅಕ್ಷರಗಳೆಂದು ಓದಿದೆ, ಅಷ್ಟೇ. ಫೈಲಿನ ತಲೆಗೆ ಬಿಒಎಂ ಎಂಬ ಗುರುತು ಸೇರಿಸುವ ಆಯ್ಕೆ ಸಾಧನದಲ್ಲಿದ್ದರೆ ಈ ಗೋಳು ತಪ್ಪುತ್ತದೆ. ನಿಜವಾಗಿ ಹೆದರಬೇಕಾದ್ದು ಪ್ರಶ್ನಾರ್ಥಕ ಚಿಹ್ನೆಗಳಿಗೆ. ಕನ್ನಡ ಇರಬೇಕಾದಲ್ಲಿ ಬರೀ ಪ್ರಶ್ನೆಗಳು ಸೇರಿಕೊಂಡಿದ್ದರೆ ಅಲ್ಲಿನ ಕನ್ನಡ ಹೋಯಿತೆಂದೇ ಲೆಕ್ಕ.

ಈ ಪ್ರಶ್ನೆಗಳ ಮೂಲ ಸ್ವಾರಸ್ಯವಾಗಿದೆ. ಮೈಎಸ್‌ಕ್ಯುಎಲ್ ಕಟ್ಟಿದ ಕಂಪನಿ ಸ್ವೀಡನ್ನಿನದು. ಬಹಳ ವರ್ಷ ಅದರ ಹುಟ್ಟುಗುಣ ಲ್ಯಾಟಿನ್ ಅಕ್ಷರಮಾಲೆ, ಜೋಡಣೆಗೆ ಸ್ವೀಡಿಶ್ ಕ್ರಮ. 2018ರ 8.0 ಆವೃತ್ತಿಯಲ್ಲಿ ಮಾತ್ರ ಪೂರ್ಣ ಯುಟಿಎಫ್–8 ಅದರ ಸಹಜ ರೂಪವಾಯಿತು. ಅದಕ್ಕೂ ಮುಂಚೆ ಯಾರೂ ಬದಲಿಸದೆ ಬಿಟ್ಟ ಎಷ್ಟೋ ಕೋಷ್ಟಕಗಳಿಗೆ ಕನ್ನಡ ಹಾಕಿದಾಗ ಉಳಿದದ್ದು ಪ್ರಶ್ನಾರ್ಥಕ ಚಿಹ್ನೆಗಳೇ. ಆದ್ದರಿಂದ ಕಿಟಕಿ ತೆರೆದ ಕೂಡಲೇ ಕೋಷ್ಟಕದ ಅಕ್ಷರಮಾಲೆ ಯಾವುದೆಂದು ಅದು ಸ್ಪಷ್ಟವಾಗಿ ತೋರಿಸುತ್ತದೆಯೇ ಎಂದೂ ನೋಡಿಕೊಳ್ಳಿ.

ಹಾಗಾದರೆ ಯಾವುದು?

ಇಷ್ಟು ಓದಿ ಹೆಸರು ಹೇಳದಿದ್ದರೆ ನೀವು ಬೈಯುತ್ತೀರಿ. ಒಬ್ಬರೇ ಇದ್ದೀರಿ, ಸಂಗ್ರಹ ಸಣ್ಣದು, ಲ್ಯಾಪ್‌ಟಾಪು ಹಳೆಯದು ಎಂದರೆ ಎಸ್‌ಕ್ಯುಲೈಟ್ ಮತ್ತು ಡಿಬಿ ಬ್ರೌಸರ್ ಸಾಕು. ಹಗುರ, ಅಂತರಜಾಲ ಬೇಡ. ಕರೆಂಟು ಹೋದ ಸಂಜೆ ಬ್ಯಾಟರಿಯ ಮೇಲೂ ನನ್ನ ಕೆಲಸ ನಡೆದಿದೆ. ವಿಂಡೋಸ್ ಮೇಲೆ ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಇದ್ದರೆ ಹೈಡಿಎಸ್‌ಕ್ಯುಎಲ್. ಮ್ಯಾಕ್‌ನಲ್ಲಾದರೆ ಸೀಕ್ವೆಲ್ ಏಸ್. ಕೋಷ್ಟಕಗಳ ಸಂಬಂಧವನ್ನು ಚಿತ್ರವಾಗಿ ಬಿಡಿಸಿ ಯೋಚಿಸುವವರಾದರೆ, ಮೈಎಸ್‌ಕ್ಯುಎಲ್‌ಗೆ ಮಾತ್ರ ವರ್ಕ್‌ಬೆಂಚ್. ಬೇರೆ ಬೇರೆ ಡೇಟಾಬೇಸುಗಳನ್ನು ಒಂದೇ ಕಡೆ ನೋಡಬೇಕಾದವರಿಗೆ ಡಿಬೀವರ್‌ನ ಸಮುದಾಯ ಆವೃತ್ತಿ. ಜಾವಾ ಮೇಲೆ ನಿಂತದ್ದು, ಸ್ವಲ್ಪ ಭಾರ, 4 ಜಿಬಿ ಮೆಮೊರಿಯ ಯಂತ್ರದಲ್ಲಿ ಏದುಸಿರು ಬಿಡುತ್ತದೆ. ಆದರೂ ನನ್ನ ಐದೂ ಪರೀಕ್ಷೆಗಳಲ್ಲಿ ಪಾಸಾಗಿ, ಈಗ ನನ್ನ ಮೇಜಿನ ಮೇಲೆ ಇರುವುದು ಅದೇ.

ಇವೆಲ್ಲ ಮುಕ್ತ ತಂತ್ರಾಂಶಗಳು. ಹಣ ಕೊಟ್ಟು ಕೊಳ್ಳುವ ಸಾಧನಗಳು ಕೀಳು ಎಂದು ಹೇಳುತ್ತಿಲ್ಲ. ಕೆಲವು ಬಹಳ ನಯ, ಬಹಳ ವೇಗ. ಆದರೆ ನಮ್ಮ ಡೇಟಾಬೇಸ್ ಮುಕ್ತವಾಗಿದ್ದೂ ಅದರ ಒಂದೇ ಬಾಗಿಲಿನ ಕೀಲಿ ಇನ್ನೊಬ್ಬರ ಜೇಬಿನಲ್ಲಿದ್ದರೆ ಏನು ಬಂತು? ಚಂದಾ ಮುಗಿದ ದಿನ ಹಗೇವಿನೊಳಗೆ ಕಾಳಿದ್ದೂ ನಾವು ಹೊರಗೆ ನಿಂತಿರುತ್ತೇವೆ. ಕೊಳ್ಳುವುದಿದ್ದರೆ ಕೊಳ್ಳಿ, ಐದನೇ ಪರೀಕ್ಷೆ ಮಾತ್ರ ಕೊಳ್ಳುವ ಮುಂಚೆಯೇ ಮಾಡಿ.

ಏಕೆಂದರೆ ಸಾಧನಗಳ ಯಜಮಾನರು ಬದಲಾಗುತ್ತಲೇ ಇರುತ್ತಾರೆ. ನಮ್ಮ ಬೆಂಗಳೂರಿನ ಉದಾಹರಣೆಯೇ ಇದೆ. ವೆಬ್‌ಯೋಗ್ ಎಂಬ ಕಂಪನಿ 2001ರಲ್ಲಿ ಎಸ್‌ಕ್ಯುಎಲ್‌ಯೋಗ್ ಎಂಬ ಮೈಎಸ್‌ಕ್ಯುಎಲ್ ಕಿಟಕಿಯನ್ನು ಹೊರತಂದಿತು. ಮೊದಲು ಉಚಿತ, ಆದರೆ ಮೂಲಸಂಕೇತ ಮುಚ್ಚಿದ್ದು. ಆಮೇಲೆ ಹಣಕ್ಕೆ. ಮುಂದೆ ಮುಕ್ತ ಪರವಾನಗಿಯ ಸಮುದಾಯ ಆವೃತ್ತಿ ಒಂದು, ಹಣ ಕೊಡುವವರಿಗೆ ಇನ್ನೊಂದು. ಕೊನೆಗೆ ಕಂಪನಿಯೇ ಅಮೆರಿಕದ ಐಡೆರಾ ತೆಕ್ಕೆಗೆ ಹೋಯಿತು. ಮೈಎಸ್‌ಕ್ಯುಎಲ್ ಕೂಡ 2008ರಲ್ಲಿ ಸನ್ ಕಂಪನಿಗೆ, 2010ರಲ್ಲಿ ಸನ್ ಜೊತೆಗೇ ಒರೇಕಲ್‌ಗೆ ಸೇರಿತು. ಅದರ ಮೂಲಪುರುಷರಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಹೊರಬಂದು ಅದೇ ಮೂಲಸಂಕೇತದಿಂದ ಮರಿಯಾಡಿಬಿ ಕಟ್ಟಿದರು. ಮ್ಯಾಕ್ ಬಳಕೆದಾರರು ಮೆಚ್ಚಿದ್ದ ಸೀಕ್ವೆಲ್ ಪ್ರೊ ಬೆಳವಣಿಗೆ ನಿಂತಾಗ, ಬಳಕೆದಾರರೇ ಅದರ ಮೂಲಸಂಕೇತ ಎತ್ತಿಕೊಂಡು 2020ರಲ್ಲಿ ಸೀಕ್ವೆಲ್ ಏಸ್ ಮಾಡಿದರು. ಮುಕ್ತವಾಗಿದ್ದರಿಂದ ಇವು ಮತ್ತೆ ಚಿಗುರಿದವು. ಹಾಗೆಂದು ಮುಕ್ತ ತಂತ್ರಾಂಶವೇನೂ ಸ್ಥಿರವಲ್ಲ. ಪೋಸ್ಟ್‌ಗ್ರೆಸ್‌ನ ಪಿಜಿಅಡ್ಮಿನ್ 2016ರಲ್ಲಿ ನಾಲ್ಕನೇ ಅವತಾರ ತಾಳಿದಾಗ ಹಳೇ ರೂಪಕ್ಕೆ ಕೈ ಪಳಗಿದ್ದವರು ಎಲ್ಲ ಹೊಸದಾಗಿ ಕಲಿಯಬೇಕಾಯಿತು. ಕಿಟಕಿ ಬದಲಾಗಲಿ, ಕಾಳು ಉಳಿಯಲಿ.

ಕನ್ನಡ ಮೆನು ಬೇಡವೇ?

ಕೆಲವು ಗೆಳೆಯರು ಕೇಳುತ್ತಾರೆ: ಈ ಸಾಧನಗಳ ಮೆನುಗಳು ಕನ್ನಡದಲ್ಲಿಲ್ಲ, ನೀನು ಅನುವಾದಕಿ, ಮೊದಲು ಅದಕ್ಕೆ ದನಿ ಎತ್ತಬಾರದೆ? ಎತ್ತಬಹುದು. ಅದರಿಂದ ನನಗೆ ನಾಲ್ಕು ಕಾಸೂ ಸಿಗುತ್ತದೆ. ಆದರೂ ನನ್ನ ಮಟ್ಟಿಗೆ ಅದು ಎರಡನೆಯ ಕೆಲಸ. ಮೆನುವಿನ ಇಪ್ಪತ್ತು ಇಂಗ್ಲಿಷ್ ಪದ ಒಂದು ವಾರದಲ್ಲಿ ಕೈಗೆ ಬರುತ್ತವೆ. ಒತ್ತಕ್ಷರದ ಕಾಲು ಕತ್ತರಿಸುವ, ‘ಳ’ವನ್ನು ತಪ್ಪು ಜಾಗದಲ್ಲಿ ಕೂರಿಸುವ, ಕಾಣದ ಬಾಲವನ್ನು ಮುಚ್ಚಿಡುವ ಸಾಧನಕ್ಕೆ ಕನ್ನಡ ಮೆನು ಹಾಕಿದರೆ, ಗುಡಿಸದ ಮನೆಯ ಬಾಗಿಲಿಗೆ ತೋರಣ ಕಟ್ಟಿದಂತೆ.

ಮುಕ್ತ ತಂತ್ರಾಂಶದ ಒಂದು ಸವಲತ್ತನ್ನು ನಾವು ಬಳಸುವುದೇ ಇಲ್ಲ. ದೋಷ ಕಂಡರೆ ಅದನ್ನು ಕಟ್ಟುವವರಿಗೇ ನೇರ ಬರೆದು ತಿಳಿಸಬಹುದು, ಆ ದೂರು ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಸಾಲಿನ ಎತ್ತರ ಸಾಲದು ಎಂದು ಕನ್ನಡದವರು ಯಾರೂ ಬರೆಯದಿದ್ದರೆ, ಜರ್ಮನಿಯಲ್ಲೋ ರಷ್ಯಾದಲ್ಲೋ ಕೂತು ಬಿಡುವಿನಲ್ಲಿ ಸಾಧನ ಕಟ್ಟುವ ಮನುಷ್ಯನಿಗೆ ‘ರಾಷ್ಟ್ರ’ದ ಕೆಳಗೆ ಏನಿದೆಯೆಂದು ಹೇಗೆ ಗೊತ್ತಾಗಬೇಕು? ಒಂದು ಚಿತ್ರ, ನಾಲ್ಕು ಸಾಲು ಸಾಕು. ಪ್ರೋಗ್ರಾಮ್ ಬರೆಯಲು ಬಾರದವರೂ ಮಾಡಬಹುದಾದ ಕನ್ನಡದ ಕೆಲಸವಿದು.

ಈ ವಾರ ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ನಿಮ್ಮ ಸಂಗ್ರಹ ಎಲ್ಲೇ ಇರಲಿ, ಪೂರ್ತಿ ಹೊರತೆಗೆದು ಇನ್ನೊಂದು ಸಾಧನದಲ್ಲಿ ತೆರೆದು ಎಣಿಸಿ ನೋಡಿ. ಹೊಂದಿದರೆ ನೆಮ್ಮದಿ. ಹೊಂದದಿದ್ದರೆ ಈಗಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಆ ಆಪರೇಟರ್ ಈಗಲೂ ಸಿಗುತ್ತಾರೆ. ಮೊನ್ನೆ ಹೊಸ ಕೈಪಿಡಿಯ ಕರಡು ಅವರ ಕೈಗೇ ಕೊಟ್ಟು ಓದಲು ಹೇಳಿದೆ. ಎಲ್ಲ ಕಡೆ ಒಂದೇ ಪದ ಇದೆ ನೋಡಿರಿ ಎಂದೆ. ತಿರುವಿ ನೋಡಿ ನಕ್ಕರು. “ಈಗ ಸರಿ ಅದ ಬಿಡ್ರಿ ಮೇಡಂ. ಆದರ ಒಂದು ಮಾತು ಹೇಳ್ತೀನಿ, ಕವಾಟ ಅಂದ್ರ ನಮ್ಮವರು ಬಾಗಿಲಾ ಅನ್ಕೋತಾರ. ವಾಲ್ವ್ ಅಂತನ ಬರೀರಿ.”

ಪದಕೋಶ ತೆರೆದು, ಶರತ್ತು ಬರೆದು, ಎರಡು ಸಲ ಓದಿ, ಹನ್ನೊಂದು ಸಾಲನ್ನೂ ಮತ್ತೆ ‘ವಾಲ್ವ್’ ಮಾಡಿದೆ. ಈ ಸಲ ಎಣಿಸಿದೆ. ಹನ್ನೊಂದಕ್ಕೂ ಆರೇ ಬಂತು.